ಕಚೇರಿಯ ಅಂಚೆ ಮನೆಯಲ್ಲೇಕೆ ತೆರೆಯದು?

ಕಚೇರಿಯಲ್ಲಿ ಸಲೀಸಾಗಿ ತೆರೆಯುವ ಕಂಪನಿಯ ವೆಬ್‌ಮೇಲ್, ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ. ಏಕೆ?

ಪಾಳೆಯಗಾರರ ಕಾಲದ ಕೋಟೆಯೊಂದನ್ನು ಕಲ್ಪಿಸಿಕೊಳ್ಳಿ: ಒಳಗಿರುವವನು ಉಗ್ರಾಣಕ್ಕೆ ಹೋಗಲು ಬಾಗಿಲ ಕಾವಲುಗಾರನನ್ನು ಕೇಳಬೇಕಾಗಿಲ್ಲ, ಹೊರಗಿನಿಂದ ಬರುವವನಾದರೋ, ಹೆಬ್ಬಾಗಿಲು ಮುಚ್ಚಿರಲಾಗಿ, ಅಪ್ಪಣೆಯುಳ್ಳ ದಿಡ್ಡಿಬಾಗಿಲನ್ನೇ ಹುಡುಕಿ ತಟ್ಟಬೇಕು. ಕಂಪನಿಯ ಫೈರ್‌ವಾಲ್ ಇಂತಹ ಕೋಟೆ. ಪೋರ್ಟ್ ಎಂಬ ಹೆಸರಿನ, 65,000ಕ್ಕೂ ಮಿಕ್ಕ ಸಂಖ್ಯಾಂಕಿತ ದ್ವಾರಗಳಲ್ಲಿ ಸುರಕ್ಷಿತ ಜಾಲಪುಟಕ್ಕೆ ರೂಢಿಯಿಂದ ಮೀಸಲಾದುದು 443; ಅದನ್ನು ತಟ್ಟಿದವನನ್ನು ಅಂಚೆಯ ಸರ್ವರಿನೆಡೆಗೆ ಕರೆದೊಯ್ಯಬೇಕೆಂಬ ನಿಯಮವನ್ನು ಬರೆದಿಡದಿದ್ದರೆ, ಹೊರಗಿನ ಕೋರಿಕೆ ಸಾಮಾನ್ಯವಾಗಿ ನಿರುತ್ತರವಾಗಿಯೇ ಲುಪ್ತವಾಗುವುದು. ಬ್ರೌಸರಿನ ಚಕ್ರ ಸುತ್ತಿ ಸುತ್ತಿ ಕಡೆಗೆ ‘ಟೈಮ್ಡ್ ಔಟ್’ ಎಂದು ದಣಿದು ನಿಲ್ಲುವುದು ಇದರ ಲಕ್ಷಣ.

ದೋಷವು ವಿಳಾಸದಲ್ಲಿಯೂ ಇರಬಹುದು. 192.168 ಎಂದು ಮೊದಲಾಗುವ ವಿಳಾಸವು ಒಳಬಳಕೆಯದು. ಕೋಟೆಯೊಳಗಿನ ಓಣಿಯ ಹೆಸರನ್ನು ಪರಸ್ಥಳದವನು ಅರಿಯನಷ್ಟೆ. ಆದುದರಿಂದ ಹೊರಗಿನವರಿಗೆ ಬೇರೆಯೇ ಸಾರ್ವಜನಿಕ ವಿಳಾಸವು ಬೇಕು. ಲಾಗಿನ್ ಪುಟ ಬಂದು, ಪಾಸ್‌ವರ್ಡ್ ಮಾತ್ರ ತಿರಸ್ಕೃತವಾಗುತ್ತಿದ್ದರೆ, ಬಾಗಿಲು ತೆರೆದೇ ಇದೆಯೆಂದು ತಿಳಿದು ಪಾಸ್‌ವರ್ಡನ್ನೂ ಖಾತೆಯನ್ನೂ ಪರಿಶೀಲಿಸತಕ್ಕದ್ದು.

ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಬೇಕು. ಕಚೇರಿಯ ತಮ್ಮ ಮೇಜಿನ ಮುಂದೆಯೇ ಕುಳಿತು ‘ನನಗೆ ತೆರೆಯುತ್ತಿದೆಯಲ್ಲ’ ಎನ್ನುವ ತಂತ್ರಜ್ಞರು ವಿರಳರಲ್ಲ. ಮೊಬೈಲಿನ ವೈಫೈ ನಿಲ್ಲಿಸಿ, ಮೊಬೈಲ್ ಡೇಟಾದಿಂದ ಅದೇ ವಿಳಾಸವನ್ನು ತೆರೆಯಲು ಅವರಿಗೆ ಹೇಳಿ. ಆದರೆ ಭದ್ರತೆಗಾಗಿ 443ರ ದ್ವಾರವನ್ನು ಬುದ್ಧಿಪೂರ್ವಕವಾಗಿಯೇ ಮುಚ್ಚಿ, ಕೋಟೆಯೊಳಕ್ಕೆ ಒಯ್ಯುವ ಸುರಕ್ಷಿತ ಸುರಂಗದಂತಿರುವ ವಿಪಿಎನ್ ಮೂಲಕವೇ ಬರಬೇಕೆನ್ನುವ ಕಂಪನಿಗಳೂ ಉಂಟು. ಅಲ್ಲಿ ವಿಪಿಎನ್‌ಗೆ ಅನುಮತಿ ಕೇಳುವುದೇ ದಾರಿ.