ಹಳೆಯ ಚಿತ್ರದಲ್ಲಿ ನಿಂತ ಲಾರಿ

ಕಾಲಸೂಚನೆಯಿಲ್ಲದ ಶಿಲಾಶಾಸನವೊಂದು ದೊರೆತಾಗ ನಮ್ಮ ಶಾಸನತಜ್ಞರು ಮೊದಲು ಗಮನಿಸುವುದು ಅದರ ಅಕ್ಷರಗಳ ರೂಪವನ್ನು. ಶಕವರ್ಷವನ್ನು ಹೇಳದ ಹಲ್ಮಿಡಿ ಶಾಸನವನ್ನು ಕ್ರಿ. ಶ. ಐದನೆಯ ಶತಮಾನಕ್ಕೆ ಸೇರಿಸುವಲ್ಲಿ ಲಿಪಿಯ ಸಾಕ್ಷ್ಯಕ್ಕೂ ಪಾಲಿದೆ. ಶಾಸನವನ್ನು ಬರೆಯಿಸಿದವನು ಕಾಲವನ್ನು ಹೇಳದೆ ಬಿಟ್ಟಿರಬಹುದು. ಕಲ್ಲುಕುಟಿಗನ ಕೈ ತನ್ನ ಕಾಲವನ್ನು ತಾನಾಗಿಯೇ ಹೇಳಿಬಿಡುತ್ತದೆ. ಇಂತಹದೇ ಒಂದು ವಿದ್ಯೆ ಹಳೆಯ ಛಾಯಾಚಿತ್ರಗಳ ವಿಷಯದಲ್ಲಿಯೂ ಬೆಳೆದಿದೆ. ಅಲ್ಲಿ ಅಕ್ಷರದ ಕೆಲಸವನ್ನು ಮಾಡುವುದು ಲಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯದ ಸೇನೆ ಬಳಸಿದ ಲಾರಿಗಳನ್ನು ಹಳೆಯ ಚಿತ್ರಗಳಲ್ಲಿ ಗುರುತಿಸುವುದು ಹೇಗೆ, ಗುರುತಿಸಿದ್ದರಿಂದ ಆಗುವ ಪ್ರಯೋಜನವೇನು ಎಂಬುದನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಲಾರಿಯನ್ನೇ ಏಕೆ ನೋಡಬೇಕು ಎಂದು ತಾವು ಕೇಳಬಹುದು. ಆ ಯುದ್ಧದ ಚಿತ್ರಗಳು ಎರಡು ಬಗೆಯವು. ಫ್ರಾಂಕ್ ಹರ್ಲಿ, ಡೇಮಿಯನ್ ಪ್ಯಾರರ್ ಮೊದಲಾದವರು ಸರ್ಕಾರದ ಪರವಾಗಿ ತೆಗೆದವು ಒಂದು ಬಗೆ. ಇಂತಹ ಸರ್ಕಾರಿ ಚಿತ್ರಗಳ ದೊಡ್ಡ ಭಂಡಾರವೇ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ. ಸೈನಿಕರು ತಮ್ಮ ಜೇಬಿನ ಕ್ಯಾಮೆರಾಗಳಲ್ಲಿ ಹಿಡಿದು ಮನೆಗೆ ಕಳಿಸಿದವು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಚಿತ್ರಗಳ ಬೆನ್ನಿಗೆ ಹೆಚ್ಚಾಗಿ ಏನೂ ಬರೆದಿರುವುದಿಲ್ಲ; ಬರೆದಿದ್ದರೂ ಎಷ್ಟೋ ವರ್ಷಗಳ ಮೇಲೆ, ನೆನಪಿನಿಂದ, ಬೇರೊಬ್ಬರ ಕೈ ಬರೆದಿರುತ್ತದೆ. ಚಿತ್ರದೊಳಗೆ ನಾಲ್ಕು ಜನ ಹುಡುಗರು ನಗುತ್ತಾ ನಿಂತಿದ್ದಾರೆ; ಸುತ್ತ ಮಣ್ಣು, ಒಂದು ಡೇರೆ, ಒಂದು ಮರ. ಮುಖಗಳಿಗೆ ವರ್ಷವಿಲ್ಲ, ಮರಳಿಗೆ ಊರಿಲ್ಲ. ಅವರು ಒರಗಿಕೊಂಡಿರುವ ಲಾರಿ ಮಾತ್ರ ಗೊತ್ತಾದ ಕಾರ್ಖಾನೆಯಲ್ಲಿ, ಗೊತ್ತಾದ ಮಾದರಿಯ ಪ್ರಕಾರ ತಯಾರಾದ ವಸ್ತು. ಅದು ಹುಟ್ಟುವ ಮೊದಲು ಆ ಚಿತ್ರ ಹುಟ್ಟಿರಲಾರದು. ಈ ಒಂದು ಸೂತ್ರವೇ ಈ ವಿದ್ಯೆಯ ತಳಹದಿ.

ಯುದ್ಧ ಆರಂಭವಾದ 1939ರಲ್ಲಿ ಆಸ್ಟ್ರೇಲಿಯದ ಸೇನೆಗೆ ತನ್ನದೇ ಆದ ಲಾರಿ ಎಂಬುದು ಹೆಚ್ಚು ಇರಲಿಲ್ಲ. ಪೇಟೆಯಲ್ಲಿ ವ್ಯಾಪಾರಿಗಳಿಗೆ ಮಾರುತ್ತಿದ್ದ ಫೋರ್ಡ್, ಷೆವರ್ಲೆ, ಇಂಟರ್‌ನ್ಯಾಷನಲ್ ಲಾರಿಗಳನ್ನೇ ಕೊಂಡು, ಕೆಲವನ್ನು ಖಾಸಗಿಯವರಿಂದ ವಶಪಡಿಸಿಕೊಂಡು, ಹಸಿರು ಬಣ್ಣ ಬಳಿದು ಉಪಯೋಗಿಸಿದರು. ಮೆಡಿಟರೇನಿಯನ್ ತೀರಕ್ಕೆ ಹೋದ ಪಡೆಗಳಿಗೆ ಅಲ್ಲಿದ್ದ ಬ್ರಿಟಿಷ್ ದಾಸ್ತಾನಿನಿಂದ ಬೆಡ್‌ಫರ್ಡ್, ಮಾರಿಸ್ ಗಾಡಿಗಳು ದೊರೆತವು. 1942ರಿಂದ ಮುಂದೆ, ಜಪಾನಿನೊಡನೆ ನ್ಯೂಗಿನಿಯಲ್ಲಿ ಹೋರಾಡುವ ಹೊತ್ತಿಗೆ, ಅಮೆರಿಕದ ಜೀಪು ಮತ್ತು ಜಿ.ಎಂ.ಸಿ. ಲಾರಿಗಳು ಸೇರಿಕೊಂಡವು. ಆದ್ದರಿಂದ ಚಿತ್ರವನ್ನು ಕೈಗೆತ್ತಿಕೊಂಡೊಡನೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಈ ಗಾಡಿ ಪೇಟೆಗಾಗಿ ಹುಟ್ಟಿದ್ದೋ, ಯುದ್ಧಕ್ಕಾಗಿಯೇ ಹುಟ್ಟಿದ್ದೋ? ಪೇಟೆಯ ಗಾಡಿಗೆ ದುಂಡಾದ ಮಡ್‌ಗಾರ್ಡು, ಉದ್ದನೆಯ ಮೂಗು, ಕಣ್ಣಿಗೆ ಇಂಪಾದ ಬಾಗುಗಳಿರುತ್ತವೆ. ಯುದ್ಧದ ಗಾಡಿಗೆ ಇಂತಹ ಚೆಲುವಿನ ಗೊಡವೆಯಿಲ್ಲ.

ಯುದ್ಧಕ್ಕಾಗಿಯೇ ಹುಟ್ಟಿದ ಗಾಡಿಗಳಲ್ಲಿ ಆಸ್ಟ್ರೇಲಿಯದ ಜನ ಇಂದಿಗೂ ಮರೆಯದಿರುವುದು ‘ಬ್ಲಿಟ್ಸ್’. ಇದು ಅಲ್ಲಿನವರು ಇಟ್ಟ ಅಡ್ಡಹೆಸರು. ಕೆನಡದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಖಾನೆಗಳು ಬ್ರಿಟಿಷ್ ಸೇನೆಯ ಅಳತೆಗಳಿಗೆ ಅನುಗುಣವಾಗಿ ಒಂದೇ ಮಾದರಿಯ ಲಾರಿಗಳನ್ನು ತಯಾರಿಸತೊಡಗಿ, ಯುದ್ಧ ಮುಗಿಯುವುದರೊಳಗೆ 4 ಲಕ್ಷಕ್ಕೂ ಮಿಕ್ಕಿ ಹೊರತಂದವು. ಅವುಗಳಲ್ಲಿ ಸಾವಿರಾರು ಆಸ್ಟ್ರೇಲಿಯಕ್ಕೆ ಬಂದವು. ಎಷ್ಟೋ ಗಾಡಿಗಳಿಗೆ ಹಿಂದಿನ ತೊಟ್ಟಿಯನ್ನು ಅಲ್ಲಿಯೇ ಕಟ್ಟಿದರು. ಎಂಜಿನ್ನಿನ ಪಕ್ಕಕ್ಕೇ ಚಾಲಕನನ್ನು ಕೂರಿಸಿ, ಮೂಗನ್ನು ಮೊಟಕುಮಾಡಿದ ಗಾಡಿ ಇದು. ಹೀಗೆ ಮಾಡಿದ್ದರಿಂದ ಅಷ್ಟೇ ಉದ್ದದ ಗಾಡಿಯಲ್ಲಿ ಹೆಚ್ಚು ಸರಕು ಹಿಡಿಯಿತು, ಹಡಗಿನಲ್ಲಿ ಕಡಿಮೆ ಜಾಗ ಸಾಕಾಯಿತು. ಚಾಲಕನಿಗೆ ಕಾಲು ಚಾಚಲು ಎಡೆಯಿಲ್ಲದೆ, ಪಕ್ಕದಲ್ಲಿ ಎಂಜಿನ್ನಿನ ಕಾವು ಬಡಿಯುತ್ತಿದ್ದುದು ಬೇರೆ ಮಾತು.

ಈ ಬ್ಲಿಟ್ಸ್ ಲಾರಿಯ ಮುಖ ಯುದ್ಧಕಾಲದಲ್ಲಿ ಬದಲಾಗುತ್ತಾ ಹೋಯಿತು. ಚಾಲಕನ ಕೋಣೆಯ ಮಾದರಿಗಳನ್ನು 11, 12, 13 ಎಂಬ ಸಂಖ್ಯೆಗಳಿಂದ ಕರೆಯುತ್ತಾರೆ. 1940ರಲ್ಲಿ ಬಂದದ್ದು 11ನೆಯದು. ಅದರ ಹಿಂದೆಯೇ ಬಂದ 12ನೆಯದರಲ್ಲಿ ಬಾನೆಟ್ಟು ಮೊಸಳೆಯ ಬಾಯಿಯಂತೆ ಒಂದೇ ತುಂಡಾಗಿ ಮೇಲಕ್ಕೆ ತೆರೆಯುವಂತಾಯಿತು. ಎಂಜಿನ್ನನ್ನು ರಿಪೇರಿ ಮಾಡುವವನ ಕಷ್ಟ ಅಷ್ಟು ಕಡಿಮೆಯಾಯಿತು. ಈ ಎರಡರಲ್ಲಿಯೂ ಚಾಲಕನ ಮುಂದಿನ ಗಾಜು ನೆಟ್ಟಗೆ ನಿಂತಿರುತ್ತದೆ. 1941ರ ಕೊನೆಯ ಹೊತ್ತಿಗೆ ಸಿದ್ಧವಾಗಿ 1942ರಿಂದ ಹೇರಳವಾಗಿ ಹರಡಿದ 13ನೆಯದರಲ್ಲಿ ಈ ಗಾಜು ಬುಡದಲ್ಲಿ ಒಳಕ್ಕೆ ಸರಿದು, ತಲೆಯಲ್ಲಿ ಮುಂದಕ್ಕೆ ಬಾಗಿರುತ್ತದೆ. ಮೊದಲ ನೋಟಕ್ಕೆ ಗಾಜನ್ನು ತಿರುಗುಮುರುಗಾಗಿ ಕೂರಿಸಿದಂತೆ ಕಾಣುತ್ತದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ನೆಟ್ಟಗಿನ ಗಾಜಿನ ಮೇಲೆ ಬಿಸಿಲು ಬಿದ್ದು ಮಿಂಚಿದರೆ ಆಕಾಶದಲ್ಲಿ ಹಾರುವ ಶತ್ರುವಿಗೆ ಅದೇ ಗುರಿಯಾಗುತ್ತದೆ. ಮುಂದಕ್ಕೆ ಬಾಗಿದ ಗಾಜು ಬೆಳಕನ್ನು ನೆಲದ ಕಡೆಗೆ ತಳ್ಳುತ್ತದೆ. ಚಾಲಕನ ಕಣ್ಣು ಕೋರೈಸುವುದೂ ಕಡಿಮೆಯಾಗುತ್ತದೆ.

ಇದರ ಉಪಯೋಗವನ್ನು ಒಂದು ನಿದರ್ಶನದಿಂದ ತೋರಿಸುತ್ತೇನೆ. ಲಿಬಿಯದ ಬಾರ್ಡಿಯ ಕೋಟೆಯನ್ನು ಆಸ್ಟ್ರೇಲಿಯದ 6ನೆಯ ಡಿವಿಜನ್ ಹಿಡಿದದ್ದು 1941ರ ಜನವರಿ ಮೊದಲ ವಾರದಲ್ಲಿ. ‘ಬಾರ್ಡಿಯ, 1941’ ಎಂದು ಬರೆದ ಚಿತ್ರದಲ್ಲಿ ಮುಂದಕ್ಕೆ ಬಾಗಿದ ಗಾಜಿನ ಲಾರಿ ಕಾಣಿಸಿದರೆ ಬರವಣಿಗೆಯನ್ನು ನಂಬಬೇಕಾಗಿಲ್ಲ. ಅಂತಹ ಲಾರಿ ಆಗ ಇರಲೇ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಮಾದರಿ ತಿಳಿದ ಮೇಲೆ ತಯಾರಕನನ್ನು ಹುಡುಕಬೇಕು. 13ನೆಯ ಮಾದರಿಯಲ್ಲಿ ಫೋರ್ಡ್ ಮತ್ತು ಷೆವರ್ಲೆ ಅವಳಿ ಮಕ್ಕಳಂತಿವೆ. ಆದರೆ ರೇಡಿಯೇಟರಿನ ಮುಂದಿನ ಜಾಲರಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಫೋರ್ಡಿನ ಕಣ್ಣುಗಳು ಚೌಕ, ಷೆವರ್ಲೆಯವು ಹರಳಿನ ಆಕಾರದವು. ಲಾರಿ ಪಕ್ಕದಿಂದ ನೇರವಾಗಿ ಕಾಣುತ್ತಿದ್ದರೆ ಇನ್ನೊಂದು ಅಳತೆ ಸಾಧ್ಯ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ದೂರ ಚಿಕ್ಕ ಗಾಡಿಗಳಲ್ಲಿ 101 ಅಂಗುಲ, ನಡುವಣವುಗಳಲ್ಲಿ 134, ಉದ್ದನೆಯ 3 ಟನ್ನಿನ ಗಾಡಿಗಳಲ್ಲಿ 158. ಟೈರಿನ ಎತ್ತರವನ್ನೇ ಅಳತೆಗೋಲಾಗಿ ಹಿಡಿದು, ಎರಡು ಅಚ್ಚುಗಳ ನಡುವೆ ಅಂತಹ ಎಷ್ಟು ಟೈರು ಹಿಡಿಯುತ್ತವೆಂದು ಎಣಿಸಿದರೆ ಗಾಡಿ ಯಾವ ವರ್ಗದ್ದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ಈ ಲೆಕ್ಕ ನಡೆಯದು.

ಇದಕ್ಕೆಲ್ಲ ಮೊದಲು ಚಿತ್ರವೇ ಎಡಬಲ ತಿರುಗಿಲ್ಲವೆಂದು ಖಾತರಿಮಾಡಿಕೊಳ್ಳಬೇಕು. ನೆಗೆಟಿವನ್ನು ಮಗುಚಿಟ್ಟು ಮುದ್ರಿಸಿದರೆ ಎಡ ಬಲವಾಗುತ್ತದೆ. ಅಕ್ಷರಗಳಿದ್ದರೆ ಒಡನೆ ತಿಳಿಯುತ್ತದೆ. ಇಲ್ಲದಿದ್ದರೆ ಸ್ಟೀರಿಂಗನ್ನು ನೋಡಬೇಕು. ಬ್ಲಿಟ್ಸ್ ಲಾರಿಯಲ್ಲಿ ಅದು ಬಲಕ್ಕೆ, ಅಮೆರಿಕದ ಜೀಪಿನಲ್ಲಿ ಎಡಕ್ಕೆ. ಆಸ್ಟ್ರೇಲಿಯದ ಸೈನಿಕನ ಅಗಲ ಅಂಚಿನ ಟೋಪಿಯೂ ಸಾಕ್ಷಿ ಹೇಳುತ್ತದೆ. ಅಂಚನ್ನು ಮಡಿಸಿ ಮೇಲಕ್ಕೆತ್ತಿದರೆ ಅದು ಎಡಗಡೆಯ ಅಂಚು. ಜೀಪಿನಲ್ಲಿಯೂ ಕಾಲದ ಗುರುತುಂಟು: ಮೊದಲು ಬಂದ ವಿಲ್ಲೀಸ್ ಜೀಪುಗಳ ಮುಂಭಾಗದಲ್ಲಿ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಜಾಲರಿಯಿತ್ತು, 1942ರಲ್ಲಿ ಅದು ಹೋಗಿ, ತಗಡನ್ನು ಒತ್ತಿ 9 ಸೀಳುಗಳನ್ನು ತೆಗೆದ ಮುಖ ಬಂದಿತು.

ಇನ್ನು ಗಾಡಿಯ ಮೇಲೆ ಬರೆದ ಚಿಹ್ನೆಗಳು. ಹಳದಿ ಬಿಲ್ಲೆಯೊಳಗಿನ ಅಂಕಿ ಆ ಗಾಡಿ ಎಷ್ಟು ಬಲದ ಸೇತುವೆಯನ್ನು ದಾಟಬಹುದೆಂಬುದರ ಸೂಚನೆ. ಬೂಮರಾಂಗಿನ ಮೇಲೆ ನಿಂತ ಕಾಂಗರೂ 6ನೆಯ ಡಿವಿಜನ್ನಿನದು. ಬಾತಿನ ಕೊಕ್ಕಿನ ಪ್ಲಾಟಿಪಸ್ ಪ್ರಾಣಿ 9ನೆಯದರ ಗುರುತು. ಯುದ್ಧಕಾಲದ ಸೆನ್ಸಾರು ಅಧಿಕಾರಿಗಳು ಇಂತಹ ಗುರುತುಗಳನ್ನೇ ಹುಡುಕಿ ಅಳಿಸುತ್ತಿದ್ದರು. ಉಳಿದುಕೊಂಡಿರುವ ಕಡೆಯಲ್ಲಿಯೂ ಎಚ್ಚರ ಬೇಕು. 1941ರ ಜನವರಿಯಲ್ಲಿ ಟೊಬ್ರುಕ್ ಬಳಿ ಆಸ್ಟ್ರೇಲಿಯನ್ನರು ಇಟಲಿಯವರಿಂದ ಕಿತ್ತುಕೊಂಡ ಟ್ಯಾಂಕುಗಳಿಗೂ ದೊಡ್ಡ ಬಿಳಿಯ ಕಾಂಗರೂಗಳನ್ನು ಬಳಿದರು. ಚಿಹ್ನೆಯಿಂದ ತಿಳಿಯುವುದು ಒಡೆಯ ಯಾರೆಂಬುದು ಮಾತ್ರ. ತಯಾರಿಸಿದವನು ಯಾರೆಂಬುದನ್ನು ಜಾಲರಿಯೂ ಗಾಜೂ ಹೇಳಬೇಕು.

ಈ ವಿದ್ಯೆಗೆ ಒಂದು ಮಿತಿಯಿದೆ. ಲಾರಿ ಹೇಳುವುದು ‘ಇದಕ್ಕಿಂತ ಹಿಂದೆ ಅಲ್ಲ’ ಎಂಬುದನ್ನು. ‘ಇದಕ್ಕಿಂತ ಮುಂದೆ ಅಲ್ಲ’ ಎಂದು ಅದು ಎಂದೂ ಹೇಳುವುದಿಲ್ಲ. ಮುಂಭಾಗದಲ್ಲಿ ಸೆರೆಮನೆಯ ಕಿಟಕಿಯಂತೆ ಉದ್ದುದ್ದ ಸರಳುಗಳಿರುವ ಫೋರ್ಡ್ ಲಾರಿ 1942ರಲ್ಲಿ ಬಂದರೂ 1947ರವರೆಗೆ ಅದೇ ಮುಖದಲ್ಲಿ ತಯಾರಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಮಿಕ್ಕ ಬ್ಲಿಟ್ಸ್ ಲಾರಿಗಳನ್ನು ಸರ್ಕಾರ ಮಾರಿಬಿಟ್ಟಿತು. ರೈತರು, ಮರ ಸಾಗಿಸುವವರು, ಕಾಡುಕಿಚ್ಚು ಆರಿಸುವ ದಳದವರು ಅವನ್ನು ಕೊಂಡು ದಶಕಗಳ ಕಾಲ ದುಡಿಸಿದರು. ಹೀಗಾಗಿ ಹಿನ್ನೆಲೆಯ ಬೇರೆ ವಸ್ತುಗಳನ್ನೂ ಕೂಡಿಸಿಕೊಂಡು ಓದಬೇಕಾಗುತ್ತದೆ. ಹೆಡ್‌ಲೈಟಿಗೆ ಕತ್ತಲೆಯ ಮುಸುಕು ಹಾಕಿದೆಯೇ? ಮಡ್‌ಗಾರ್ಡಿನ ಅಂಚಿಗೆ ಬಿಳಿಯ ಬಣ್ಣವಿದೆಯೇ? ದೂರದಲ್ಲಿ ನಿಂತ ಖಾಸಗಿ ಕಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದೆಯೇ? ಅಲ್ಲಿ 1940ರ ಅಕ್ಟೋಬರಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಮೇಲೆ ಕಾರುಗಳು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದವು. ನಮ್ಮ ಕಡೆಯ ಹಿರಿಯರು ಇದ್ದಿಲು ಬಸ್ಸಿನ ಕಥೆ ಹೇಳುತ್ತಿದ್ದುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಸೂಕ್ಷ್ಮವಾಗಿ ನೋಡಿ ಗಳಿಸುವುದೇನು? ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಒಂದು ಮನೆಯಿಂದ ಇಬ್ಬರು ಅಣ್ಣತಮ್ಮಂದಿರು ಸೇನೆಗೆ ಹೋಗಿದ್ದಾರೆ. ಹಿರಿಯವನು 8ನೆಯ ಡಿವಿಜನ್ನಿನಲ್ಲಿದ್ದು, 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸೆರೆಯಾಗಿ, ಮತ್ತೆ ಹಿಂದಿರುಗಲಿಲ್ಲ. ಮನೆಯಲ್ಲಿ ಉಳಿದಿರುವುದು ಲಾರಿಯ ಪಕ್ಕದಲ್ಲಿ ನಿಂತ, ಮುಖ ಅರ್ಧ ನೆರಳಿನಲ್ಲಿರುವ ಒಬ್ಬ ಯುವಕನ ಚಿತ್ರ. ಅದು ಹಿರಿಯವನದೇ ಎಂದು ಎರಡು ತಲೆಮಾರು ನಂಬಿ ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದಿದೆ. ಲಾರಿಯ ಗಾಜು ಮುಂದಕ್ಕೆ ಬಾಗಿದ್ದರೆ ಆ ನಂಬಿಕೆ ನಿಲ್ಲುವುದು ಕಷ್ಟ. ಚಿತ್ರ ಬಹುಶಃ ಕಿರಿಯವನದು. ಗಾಜು ನೆಟ್ಟಗಿದ್ದರೆ ನಂಬಿಕೆಗೆ ಎಡೆಯುಂಟು. ಒಂದು ಗಾಜಿನ ಓರೆಯ ಮೇಲೆ ಒಂದು ಮನೆಯ ನೆನಪು ನಿಂತಿರುತ್ತದೆ. ಮಡಿದವನಿಗೆ ಅವನದೇ ಮುಖ ಸಲ್ಲಬೇಕು, ಬದುಕಿದವನಿಗೆ ಅವನದು. ಇದು ಇತಿಹಾಸದ ಸಣ್ಣ ನ್ಯಾಯವೆಂದು ನಾನು ಭಾವಿಸಿದ್ದೇನೆ.

ಈ ಮಾತು ನಮಗೂ ದೂರದ್ದಲ್ಲ. ಅದೇ ಕೆನಡದ ಲಾರಿಗಳು ಭಾರತೀಯ ಸೇನೆಗೂ ಬಂದಿದ್ದವು. ಅದೇ ಫೋರ್ಡ್ ಷಾಸಿಯ ಮೇಲೆ ಇಲ್ಲಿ ಉಕ್ಕಿನ ಕವಚ ಕಟ್ಟಿದ ಗಾಡಿಗಳು ಜಮ್‌ಷೆಡ್‌ಪುರದ ಉಕ್ಕಿನ ನೆನಪಿಗೆ ‘ಟಾಟಾನಗರ’ ಎಂಬ ಹೆಸರು ಪಡೆದವು. 1941ರಲ್ಲಿ ಮುತ್ತಿಗೆಗೊಳಗಾದ ಟೊಬ್ರುಕ್‌ನಲ್ಲಿ ಆಸ್ಟ್ರೇಲಿಯನ್ನರ ಜೊತೆಯಲ್ಲಿ ಭಾರತದ 18ನೆಯ ಕ್ಯಾವಲ್ರಿಯೂ ಇತ್ತು. ಸಿಂಗಪುರ ಬಿದ್ದ ದಿನ ಅಲ್ಲಿ ಮೈಸೂರು ಸಂಸ್ಥಾನದ ಪದಾತಿ ಪಡೆಯೂ ಇತ್ತು. ಆ ಪೀಳಿಗೆಯವರ ಪೆಟ್ಟಿಗೆಗಳಲ್ಲಿ, ಹಳೆಯ ಪಂಚಾಂಗಗಳ ನಡುವೆ, ಲಾರಿಗೆ ಒರಗಿ ನಿಂತ ಚಿತ್ರವೊಂದು ನಮ್ಮ ಮನೆಗಳಲ್ಲಿಯೂ ಇರಬಹುದು. ಆ ಲಾರಿಯನ್ನು ಓದುವ ಕ್ರಮ ಇದೇ.

ಅಂತಹ ಚಿತ್ರ ಕೈಗೆ ಸಿಕ್ಕರೆ ನನ್ನದೊಂದು ವಿನಂತಿ. ಮೊದಲು ಮುಖವನ್ನು ನೋಡಿ, ಅದು ಸಹಜ. ಆಮೇಲೆ ಲಾರಿಯನ್ನು ನೋಡಿ. ಗಾಜು, ಜಾಲರಿ, ಸ್ಟೀರಿಂಗು, ಅಂಕಿಗಳು ಏನು ಕಾಣುತ್ತವೆಯೋ ಅದಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೇಳಿ ತಿಳಿದದ್ದನ್ನು ಬೇರೆ ಸಾಲಿನಲ್ಲಿ, ಹೇಳಿದವರ ಹೆಸರಿನೊಡನೆ ಬರೆಯಿರಿ. ಹಿಂದಿನವರು ಚಿತ್ರದ ಬೆನ್ನ ಮೇಲೆ ಬರೆದದ್ದನ್ನು, ಅದು ತಪ್ಪೆಂದು ತೋರಿದರೂ, ಅಳಿಸಬೇಡಿ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದು ಬೇರೆಬೇರೆಯಾಗಿ ಉಳಿದರೆ, ಮುಂದೆ ಹೆಚ್ಚು ಬಲ್ಲವರೊಬ್ಬರು ಬಂದು ಆ ಯುವಕನ ಹೆಸರನ್ನು ಅವನಿಗೆ ಹಿಂದಕ್ಕೆ ಕೊಡಬಲ್ಲರು.