ಬಂಡೆಯ ಹುಟ್ಟಿನ ಗುಟ್ಟು: ಧಾತುಗಳು ಎಷ್ಟು ಹೇಳುತ್ತವೆ?

ಬೆಂಗಳೂರಿನ ಯಲಹಂಕ, ಬೆಟ್ಟಹಲಸೂರಿನ ಕಡೆ ಬುನಾದಿ ತೋಡುವಾಗ ಬಂಡೆ ಎದುರಾದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಅದು ಗ್ರಾನೈಟ್ ಎಂದೇ ಎಲ್ಲರ ಮಾತು. ಹಳೇ ಜ್ವಾಲಾಮುಖಿಯ ಲಾವಾ ಆರಿ ಹೀಗಾಯಿತು ಎನ್ನುವವರೂ ಇದ್ದಾರೆ.

ಎರಡೂ ಸರಿಯಲ್ಲ. ಹೆಬ್ಬಾಳ, ಯಲಹಂಕದ ಅಡಿಯಲ್ಲಿರುವುದು ಬಹುಪಾಲು ನೈಸ್. ಶಾಖ, ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಂಡ, ಕಪ್ಪು-ಬಿಳಿ ಪಟ್ಟೆಗಳ ಶಿಲೆ ಅದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗ್ ಬಂಡೆಯೂ ಇದೇ. ಇನ್ನು ನಿಜವಾದ ಗ್ರಾನೈಟಾದರೂ ಲಾವಾ ಅಲ್ಲ. ಲಾವಾ ನೆಲದ ಮೇಲೆ ಬೇಗ ಆರುವುದರಿಂದ ಅದರ ಹರಳುಗಳು ಹೆಚ್ಚು ಬೆಳೆಯುವುದಿಲ್ಲ. ಗ್ರಾನೈಟ್ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಬರಿಗಣ್ಣಿಗೆ ಕಾಣುವ ಹರಳುಗಳೇ ಅದಕ್ಕೆ ಸಾಕ್ಷಿ. ಅಂಥದ್ದನ್ನು ನೋಡಲು ಮಾಗಡಿ, ರಾಮನಗರಕ್ಕೆ ಹೋಗಬೇಕು. ರಾಮನಗರದ ಹಳೆಯ ಹೆಸರಿನಲ್ಲೇ ಪ್ರಸಿದ್ಧವಾದ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 400 ಕಿ.ಮೀ. ಉದ್ದಕ್ಕೆ ಹಬ್ಬಿದೆ, ವಯಸ್ಸು ಸುಮಾರು 252 ಕೋಟಿ ವರ್ಷ. ವಿಧಾನಸೌಧದ ಅಲಂಕಾರಕ್ಕೆ ಬಳಸಿದ ಮಾಗಡಿ ಗುಲಾಬಿ ಕಲ್ಲು ಈ ಸೀಮೆಯದು.

ಮೂರನೆಯ ತಪ್ಪು ಕಲ್ಪನೆ ಓದಿಕೊಂಡವರಲ್ಲೇ ಹೆಚ್ಚು, ಹಾಗಾಗಿ ಹೆಚ್ಚು ಮುಖ್ಯ. ಶಿಲೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ರುಬಿಡಿಯಂ, ಇಟ್ರಿಯಂ, ನಯೋಬಿಯಂಗಳನ್ನು ಅಳೆದು ನಕ್ಷೆಯಲ್ಲಿ ಚುಕ್ಕೆ ಇಟ್ಟರೆ, ಗ್ರಾನೈಟ್ ಹುಟ್ಟಿದ್ದು ಭೂಫಲಕಗಳ ಡಿಕ್ಕಿಯಲ್ಲೋ, ಜ್ವಾಲಾಮುಖಿ ಸಾಲಿನ ಕೆಳಗೋ, ಖಂಡದ ನಡುವೆಯೋ ಎಂದು ತೀರ್ಪೇ ಸಿಗುತ್ತದೆ ಎಂಬ ನಂಬಿಕೆಯಿದು. ಪಿಯರ್ಸ್, ಹ್ಯಾರಿಸ್, ಟಿಂಡಲ್ 1984ರಲ್ಲಿ ಕೊಟ್ಟ ಆ ನಕ್ಷೆ ಅಮೂಲ್ಯವಾದದ್ದು. ಆದರೆ ಧಾತುಗಳು ನೇರವಾಗಿ ಹೇಳುವುದು ಏನು ಕರಗಿತು, ಎಷ್ಟು ಆಳದಲ್ಲಿ ಕರಗಿತು ಎಂಬುದನ್ನು.

ಆಳದಲ್ಲಿ ಶಿಲೆ ಕರಗುವಾಗ ಕರಗದೆ ಉಳಿದ ಗಾರ್ನೆಟ್ ಇಟ್ರಿಯಂ, ಇಟರ್ಬಿಯಂಗಳನ್ನು ಬಿಟ್ಟುಕೊಡುವುದಿಲ್ಲ. ಸ್ಟ್ರಾನ್ಷಿಯಂ ಅನ್ನು ಹಿಡಿದಿಡುವುದು ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್. ನಮ್ಮ ನೈಸ್‌ನ ಹಲವು ಭಾಗಗಳಲ್ಲಿ ಸ್ಟ್ರಾನ್ಷಿಯಂ ಹೆಚ್ಚು, ಇಟ್ರಿಯಂ ಕಡಿಮೆ. ಅಂದರೆ ಅದರ ಮೂಲದ ಬಸಾಲ್ಟ್ ಕರಗಿದ್ದು ಗಾರ್ನೆಟ್ ಉಳಿಯುವಷ್ಟು, ಪ್ಲೇಜಿಯೋಕ್ಲೇಸ್ ಉಳಿಯದಷ್ಟು ಆಳದಲ್ಲಿ. ಅದು ಕೆಳಕ್ಕೆ ಜಾರಿದ ಸಾಗರ ಫಲಕವೋ, ದಪ್ಪವಾದ ತೊಗಟೆಯ ತಳವೋ? ಗಾರ್ನೆಟ್ ಎರಡು ಕಡೆಯೂ ಉಳಿಯಬಲ್ಲದು.

ಕ್ಲೋಸ್‌ಪೇಟೆಯಲ್ಲಿ ಗಂಟು ಇನ್ನೂ ಬಿಗಿ. ಅದರ ಕಪ್ಪು ಭಾಗಗಳಲ್ಲಿ ಮೆಗ್ನೀಷಿಯಂ, ನಿಕಲ್ ಜೊತೆಗೆ ಬೇರಿಯಂ, ಸ್ಟ್ರಾನ್ಷಿಯಂ ಕೂಡ ಹೆಚ್ಚಿವೆ. ಇದು ತೊಗಟೆಯ ಕೆಳಗಿನ ಮ್ಯಾಂಟಲ್‌ನಿಂದ ಬಂದ ಶಿಲಾರಸದ ಗುರುತು. ಗುಲಾಬಿ ಭಾಗಗಳಲ್ಲಿ ಹಳೆಯ ನೈಸ್ ಕರಗಿ ಸೇರಿದೆ, ಅದರ ಧಾತುಗಳ ಗುರುತೂ ಜೊತೆಗೇ ಬಂದಿದೆ. ಮೊಮ್ಮಗಳು ತೊಟ್ಟ ಅಜ್ಜಿಯ ಒಡವೆ ನೋಡಿ ಮೊಮ್ಮಗಳ ಮದುವೆ ಎಲ್ಲಿ ನಡೆಯಿತೆಂದು ಹೇಳಲಾದೀತೇ? ಪಿಯರ್ಸ್ ಅವರೇ 1996ರಲ್ಲಿ ಈ ವಿಷಯಕ್ಕೆ ಮರಳಿ, ಮೂಲವನ್ನೂ ಹುಟ್ಟಿದ ಸನ್ನಿವೇಶವನ್ನೂ ಬೇರೆಬೇರೆಯಾಗಿ ನೋಡಿದರು.

ತೀರ್ಪು ಸುಲಭವಲ್ಲ ಎಂಬುದಕ್ಕೆ ಇಲ್ಲಿಯದೇ ಉದಾಹರಣೆಯಿದೆ. 2000ನೇ ಇಸವಿಯಲ್ಲಿ ಈ ಪ್ರದೇಶದ ಬಗ್ಗೆ ಎರಡು ಪ್ರಬಂಧಗಳು ಒಂದೇ ಸಂಶೋಧನಾ ಪತ್ರಿಕೆಯಲ್ಲಿ ಬಂದವು. ಬೆಂಗಳೂರು ವಿಶ್ವವಿದ್ಯಾಲಯದ ಎಂ. ಜಯಾನಂದ ಮತ್ತು ಸಂಗಡಿಗರು ಧಾತು, ಐಸೋಟೋಪು, ವಯಸ್ಸುಗಳ ಆಧಾರದಲ್ಲಿ, ಮ್ಯಾಂಟಲ್‌ನಿಂದ ಮೇಲೆದ್ದ ಬಿಸಿ ಪ್ರವಾಹದ ಕಡೆ ಬೆರಳು ತೋರಿದರು. ಚಾಡ್ವಿಕ್, ವಾಸುದೇವ್, ಹೆಗಡೆ ಅವರಿಗೆ ಬಂಡೆಗಳ ಮಡಿಕೆ, ಬಿರುಕುಗಳಲ್ಲಿ ಕಂಡದ್ದು ಫಲಕಗಳು ಓರೆಯಾಗಿ ಒತ್ತಿಬಂದ ಗುರುತು.