೯.೫ ಎಂದು ಬರೆದ ಹುಡುಗ

ಭೌತಶಾಸ್ತ್ರದ ಅಧ್ಯಾಪಕನಾಗಿ ನಾನು ಕಳೆದ ದಿನಗಳಲ್ಲಿ ಮರೆಯಬೇಕೆಂದರೂ ಮರೆಯಲಾಗದ ಮಧ್ಯಾಹ್ನವೊಂದುಂಟು. ಬಿ.ಎಸ್‌ಸಿ. ಮೊದಲನೆಯ ವರ್ಷದ ಹುಡುಗನೊಬ್ಬ ಲೋಲಕದ ಪ್ರಯೋಗ ಮಾಡಿ, ಗುರುತ್ವದ ವೇಗೋತ್ಕರ್ಷ ೯.೮ ಬರಬೇಕಾದಲ್ಲಿ ೯.೫ ಎಂದು ಬರೆದು ತಂದಿದ್ದ. ಗುಂಡನ್ನು ಬಹಳ ದೂರ ಎಳೆದು ಬಿಟ್ಟಿದ್ದಾನೆಂದು ನೋಡಿದೊಡನೆಯೇ ತಿಳಿಯಿತು. “ಹೆಚ್ಚು ಎಳೆದಷ್ಟೂ ತೂಗಾಟ ನಿಧಾನವಾಗುತ್ತದೆ ಸಾರ್. ಎಷ್ಟು ನಿಧಾನವೆಂದು ಅಳೆದು ನೋಡಲೆ?” ಎಂದ. ಅದು ಪಠ್ಯದಲ್ಲಿಲ್ಲ, ಬೇಗ ಮುಗಿಸು ಎಂದೆ. ಅರ್ಧ ಗಂಟೆಯಲ್ಲಿ ಅಂಕಿಗಳನ್ನು ತಿದ್ದಿ ೯.೮ ಮಾಡಿಕೊಂಡು ಬಂದ. ನಾನು ಸಹಿ ಹಾಕಿದೆ. ನಿಜವನ್ನು ಬರೆದು ತಂದವನಿಗೆ ಸುಳ್ಳು ಬರೆಯುವುದನ್ನು ಕಲಿಸಿ ಕಳುಹಿಸಿದ್ದೆ.

ಇದು ನನಗೆ ಚುಚ್ಚತೊಡಗಿದ್ದು ಬಹಳ ತಡವಾಗಿ, ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಕಥೆಯನ್ನು ಓದಿದಾಗ. ಪೋಲರಾಯ್ಡ್ ಕ್ಯಾಮೆರಾ ಕಂಡುಹಿಡಿದ ಎಡ್ವಿನ್ ಲ್ಯಾಂಡ್ ೧೯೫೭ರಲ್ಲಿ ಅಲ್ಲಿ ಉಪನ್ಯಾಸ ಮಾಡಿದ. ಹಾರ್ವರ್ಡಿನ ಓದನ್ನು ಅರ್ಧಕ್ಕೆ ಬಿಟ್ಟವನು ಪಂಡಿತರ ಸಭೆಗೆ ಬುದ್ಧಿ ಹೇಳಿದನೆಂಬುದೇ ಒಂದು ವಿನೋದ! ದೊಡ್ಡದೇನನ್ನೋ ಸಾಧಿಸುವ ಗುಟ್ಟಾದ ಕನಸನ್ನು ಹೊತ್ತು ಬರುವ ಹುಡುಗರನ್ನು ನಾವೇ ಪಾಠ ಪರೀಕ್ಷೆಗಳಿಂದ ಕುಗ್ಗಿಸುತ್ತೇವೆ, ಬಂದ ದಿನದಿಂದಲೇ ಪ್ರತಿಯೊಬ್ಬನಿಗೂ ತನ್ನದೇ ಆದ ಸಂಶೋಧನೆಯೊಂದಿರಲಿ ಎಂಬುದು ಅವನ ವಾದದ ಸಾರ.

ಮಾತು ಕೃತಿಗಿಳಿಯಲು ಹನ್ನೆರಡು ವರ್ಷ ಹಿಡಿಯಿತು. ಆ ಸಂಸ್ಥೆಯಲ್ಲಿಯೇ ಓದಿ ಅಲ್ಲಿಯೇ ಅಧ್ಯಾಪಕಿಯಾದ ಮಾರ್ಗರೆಟ್ ಮ್ಯಾಕ್‌ವಿಕಾರ್ ಎಂಬ ಭೌತವಿಜ್ಞಾನಿ ೧೯೬೯ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಬಾಗಿಲು ತೆರೆದಳು. ಏರ್ಪಾಡು ಸರಳ: ವಿದ್ಯಾರ್ಥಿ ತನಗೆ ಹಿಡಿಸಿದ ಕೆಲಸ ನಡೆಸುತ್ತಿರುವ ಪ್ರಾಧ್ಯಾಪಕರನ್ನು ಹುಡುಕಿಕೊಂಡು ಹೋಗಿ ಕೇಳಬೇಕು, ಒಪ್ಪಿದರೆ ಅವರ ಪ್ರಯೋಗಶಾಲೆಯಲ್ಲಿ ಸಹೋದ್ಯೋಗಿಯಂತೆ ದುಡಿಯಬೇಕು. ಆ ದುಡಿಮೆ ಪದವಿಯ ಲೆಕ್ಕಕ್ಕೆ ಸೇರಬಹುದು, ಇಲ್ಲವೆ ಸಂಬಳ ದೊರೆಯಬಹುದು. ಈ ಸಂಬಳದ ಅಂಶವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಬಡವರ ಮಗನಿಗೆ ಕುತೂಹಲವೂ ದುಬಾರಿಯೇ. ಮ್ಯಾಕ್‌ವಿಕಾರ್ ೧೯೯೧ರಲ್ಲಿ ತೀರಿಕೊಂಡಳು, ಏರ್ಪಾಡು ನಿಂತಿಲ್ಲ. ಇಂದು ಅಲ್ಲಿ ಪದವಿ ಪಡೆಯುವವರಲ್ಲಿ ಹೆಚ್ಚಿನವರು ಆ ಬಾಗಿಲನ್ನು ದಾಟಿಯೇ ಬಂದವರು.

ಎಲ್ಲರೂ ಹೊಸದನ್ನು ಕಂಡುಹಿಡಿಯುತ್ತಾರೆಂದಲ್ಲ. ಗಾಜಿನ ಪಾತ್ರೆ ತೊಳೆದು, ತಂತಿ ಬೆಸೆದು, ತಿಂಗಳುಗಟ್ಟಲೆ ಅಳೆದದ್ದು ವ್ಯರ್ಥವಾಯಿತೆಂದು ಕಂಡುಕೊಳ್ಳುವುದೂ ಆ ಕೆಲಸದ ಪಾಲೇ. ಆದರೆ ಅಲ್ಲಿ ೯.೫ ಬಂದರೆ ೯.೫ ಎಂದೇ ಬರೆಯಬೇಕು. ಏಕೆ ಬಂತೆಂದು ಗುರುಶಿಷ್ಯರಿಬ್ಬರೂ ಕೂಡಿ ತಲೆ ಕೆರೆದುಕೊಳ್ಳಬೇಕು.

ಅಷ್ಟು ಹಣ ನಮ್ಮಲ್ಲಿ ಎಲ್ಲಿದೆ ಎಂಬ ಮಾತನ್ನು ನಾನೂ ಆಡಿದವನೇ. ಆ ಹುಡುಗ ಕೇಳಿದ್ದಾದರೂ ಏನು? ಒಂದು ದಾರ, ಒಂದು ಗುಂಡು, ಇನ್ನೊಂದು ಮಧ್ಯಾಹ್ನ.

ನಿವೃತ್ತನಾದ ಮೇಲೆ ಒಂದು ದಿನ ಮನೆಯ ಜಗಲಿಯ ತೊಲೆಗೆ ದಾರ ಕಟ್ಟಿ ನಾನೇ ಅಳೆದೆ. ೩೦ ಡಿಗ್ರಿ ಎಳೆದು ಬಿಟ್ಟರೆ ತೂಗಾಟದ ಕಾಲ ಶೇಕಡ ೨ಕ್ಕೆ ತುಸು ಕಡಿಮೆ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ಬರುವುದು ೯.೫. ಹುಡುಗ ಸರಿಯಾಗಿಯೇ ಅಳೆದಿದ್ದ. ತಿಳಿಸೋಣವೆಂದರೆ ಈಗ ಅವನು ಎಲ್ಲಿದ್ದಾನೋ, ಏನು ಮಾಡುತ್ತಿದ್ದಾನೋ ನಾನರಿಯೆ.